ಸಮಪಾಲು

ಹಾರ್ಡ್ ಡಿಸ್ಕೇ ಸಿಗುತ್ತಿಲ್ಲ ಎಂದು ಕಂಪ್ಯೂಟರ್ ಮತ್ತೆ ಹೇಳಿದಾಗ ಗಂಗಾಧರ ಸ್ಕ್ರೂಡ್ರೈವರ್ ಹಿಡಿದು ನೆಲಕ್ಕೆ ಕೂತ. ಹರಪನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ರಿಪೇರಿಯವನು. ಹೊಸದಾಗಿ ವಿಂಡೋಸ್ ಹಾಕಿಕೊಟ್ಟು, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಎಂದುಕೊಂಡಿದ್ದ. ಸಿಪಿಯುವಿನ ಪಕ್ಕದ ತಗಡು ಬಿಚ್ಚಿ ಒಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದರೆ ಎರಡು ಡಿಸ್ಕು ಇರಬೇಕಾದಲ್ಲಿ ಒಂದೇ ಇತ್ತು. ಇನ್ನೊಂದರ ಕೇಬಲ್ಲು ಸುಮ್ಮನೆ ಜೋತುಬಿದ್ದಿತ್ತು.

“ಇನ್ನೊಂದು ಡಿಸ್ಕ್ ಎಲ್ಲೈತ್ರೀ?”

“ತಮ್ಮನ ಪಾಲಿಗೆ ಹೋತು,” ಅಂದ ಗುರುಶಾಂತ.

ಕೊಟ್ಟೂರು ಬಸ್ ಸ್ಟ್ಯಾಂಡಿನ ಎದುರಿನ ಈ ಫೋಟೋ ಸ್ಟುಡಿಯೋ ಹೋದ ವಾರವಷ್ಟೇ ಪಾಲಾಗಿತ್ತು. ಅದನ್ನು ಕಟ್ಟಿ ಬೆಳೆಸಿದ ಗುರುಸಂಗಪ್ಪ ಶಿವನ ಪಾದ ಸೇರಿ ಇನ್ನೂ ವರ್ಷ ತುಂಬಿಲ್ಲ. ಅಷ್ಟರೊಳಗೆ ಮಕ್ಕಳಿಬ್ಬರಿಗೂ ಒಬ್ಬರ ನೆರಳು ಒಬ್ಬರಿಗೆ ಆಗದಂತಾಯಿತು. ದೊಡ್ಡವನು ಗುರುಶಾಂತ ಅಂಗಡಿ ಇಟ್ಟುಕೊಂಡ. ಚಿಕ್ಕವನು ಸೋಮಶೇಖರ ಪೇಟೆಯ ಆ ತುದಿಗೆ ಬೇರೆ ಅಂಗಡಿ ಹಿಡಿದ. ಪಾಲು ಮಾಡಲು ಕೂತ ಹಿರಿಯರು ಕ್ಯಾಮೆರಾ, ಲೈಟು, ಪರದೆ ಎಲ್ಲ ಹಂಚಿ ಮುಗಿಸಿ ಕಂಪ್ಯೂಟರಿಗೆ ಬಂದು ಸಿಕ್ಕಿಕೊಂಡರು. ಒಬ್ಬನಿಗೆ ಕಂಪ್ಯೂಟರ್, ಇನ್ನೊಬ್ಬನಿಗೆ ಅದರ ಬೆಲೆ ಎಂದರೆ ಇಬ್ಬರೂ ಒಪ್ಪಲಿಲ್ಲ. ಸುತ್ತಲಿನ ಊರುಗಳ ಮದುವೆ ಫೋಟೋಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು.

ಆಗ ಬಾಗಿಲ ಬಳಿ ಕೂತಿದ್ದ ತಾಯಿ ಕೊಟ್ರಬಸಮ್ಮ ಬಾಯಿ ಬಿಟ್ಟಳು. “ಒಳಗ ಎರಡು ಡಿಸ್ಕ್ ಅದಾವಂತಲ್ಲ, ಒಬ್ಬೊಬ್ಬರಿಗೆ ಒಂದೊಂದು ಕೊಡ್ರಿ. ನನಗ ಇಬ್ಬರೂ ಒಂದ.”

ಹಿರಿಯರು ತಲೆದೂಗಿದರು. ಹೆತ್ತ ತಾಯಿ ಅಂದರೆ ಹೀಗಿರಬೇಕು ಎಂದು ಒಬ್ಬರು ಕೈ ಮುಗಿದೇಬಿಟ್ಟರು. ಸಮಪಾಲು ಅಂದರೆ ನಮ್ಮಲ್ಲಿ ಅಷ್ಟು ಮರ್ಯಾದೆ. ಎಮ್ಮೆ ಒಂದೇ ಇದ್ದರೂ ಮುಂದಿನ ಅರ್ಧ ನಿನಗೆ, ಹಿಂದಿನ ಅರ್ಧ ನನಗೆ ಎಂದು ಹಂಚಿಕೊಂಡೇವು, ಹಾಲು ಕರೆಯುವವರು ಯಾರು ಎಂದು ಕೇಳುವವರಿಲ್ಲ. ಸೋಮಶೇಖರ ಅಲ್ಲೇ ಸ್ಕ್ರೂ ಬಿಚ್ಚಿ ತನ್ನ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದ.

ಇದನ್ನೆಲ್ಲ ಕೇಳಿ ಗಂಗಾಧರ ಹಣೆ ಒರೆಸಿಕೊಂಡ. “ಅಯ್ಯೋ, ಇದು ರೇಡ್ ಮಾಡಿರೋ ಸಿಸ್ಟಮ್ ಕಣ್ರೀ. ವಿಡಿಯೋ ಕೆಲಸ ಬೇಗ ಆಗ್ಲಿ ಅಂತ ಎರಡು ಡಿಸ್ಕ್ ಕೂಡಿಸಿ ಒಂದೇ ಮಾಡಿದಾರೆ. ಒಂದೊಂದು ಫೋಟೋನೂ ಚೂರು ಮಾಡಿ, ಒಂದು ಚೂರು ಇದರಾಗೆ, ಇನ್ನೊಂದು ಚೂರು ಅದರಾಗೆ ಇಟ್ಟಿರತೈತೆ.”

“ಅಂದ್ರ ಅರ್ಧ ಫೋಟೋ ನನ್ನ ಹತ್ರ ಅದಾವು?”

“ಅರ್ಧ ಫೋಟೋ ಅಲ್ರೀ. ಎಲ್ಲಾ ಫೋಟೋದ ಅರ್ಧರ್ಧ. ಒಂದೂ ತೆರೆಯಲ್ಲ.”

ಮಂಡಕ್ಕಿ, ಮಿರ್ಚಿಯ ತಟ್ಟೆ ಹಿಡಿದು ಒಳಗೆ ಬಂದ ಕೊಟ್ರಬಸಮ್ಮ ಹಾಗೇ ನಿಂತಳು. “ಹಂಗಾದ್ರ ನಿಮ್ಮಪ್ಪನ ಫೋಟೋ?”

ಗುರುಸಂಗಪ್ಪ ಅರ್ಧ ತಾಲ್ಲೂಕಿನ ಮುಖಗಳನ್ನು ತೆಗೆದವನು. ಆದರೆ ಅವನದೇ ಒಂದು ಫೋಟೋ ಮನೆಯಲ್ಲಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ. ಸತ್ತ ದಿನ ಗಡಿಬಿಡಿಯಲ್ಲಿ ಮತದಾರರ ಚೀಟಿಯ ಫೋಟೋ ದೊಡ್ಡದು ಮಾಡಿ ಹಾರ ಹಾಕಿದ್ದರು. ಆ ಮಸಿಮುಖವನ್ನು ಕಂಡಿದ್ದರೆ ಅವನೇ ಎದ್ದು ಕೂತು ಬೈಯುತ್ತಿದ್ದ. ಇದ್ದದ್ದು ಒಂದೇ ಒಂದು. ಹೊಸ ಡಿಜಿಟಲ್ ಕ್ಯಾಮೆರಾ ಬಂದಾಗ ಸೋಮಶೇಖರ ಪರೀಕ್ಷೆಗೆಂದು ಹೊಡೆದದ್ದು: ಹೆಗಲ ಮೇಲೆ ಟವೆಲ್ಲು, ಬಾಯಿ ತುಂಬ ಎಲೆ ಅಡಿಕೆ, ತಡೆಯಲಾಗದ ನಗು. ಅಣ್ಣ ಹಾಕಿಸುತ್ತಾನೆಂದು ತಮ್ಮ, ತಮ್ಮ ಹಾಕಿಸುತ್ತಾನೆಂದು ಅಣ್ಣ, ಅದು ಪ್ರಿಂಟ್ ಆಗಲೇ ಇಲ್ಲ. ಬೇಕೆನಿಸಿದಾಗ ಕೊಟ್ರಬಸಮ್ಮ ಸ್ಟುಡಿಯೋಕ್ಕೆ ಬಂದು ಈ ಪರದೆಯ ಮೇಲೆ ಗಂಡನನ್ನು ನೋಡಿ ಹೋಗುತ್ತಿದ್ದಳು. ಬರುವ ಸೋಮವಾರ ವರ್ಷದ ಪೂಜೆ. ಆ ಫೋಟೋಕ್ಕೆಂದು ಗಾಜಿನ ಕಟ್ಟು ಮಾಡಿಸಿ ಗೋಡೆಗೆ ಒರಗಿಸಿಟ್ಟಿದ್ದಳು. ಹಡಗಲಿಯಿಂದ ಮಲ್ಲಿಗೆಗೂ ಹೇಳಿಕಳಿಸಿದ್ದಳು.

“ಎರಡೂ ಕೂಡಿಸಿದ್ರೆ ಬರತೈತ್ರೀ ಅಮ್ಮಾರೆ,” ಅಂದ ಗಂಗಾಧರ. “ಅವರು ಅದನ್ನ ಇನ್ನೂ ಬಳಸಿರಬಾರದು, ಅಷ್ಟೆ. ತಂದುಕೊಟ್ರೆ ಎಲ್ಲಾ ಬೇರೆ ಡಿಸ್ಕಿಗೆ ಇಳಿಸಿ ಇಬ್ರಿಗೂ ಕೊಡ್ತೀನಿ.”

“ಅವ ಕೊಡಂಗಿಲ್ಲ,” ಅಂದ ಗುರುಶಾಂತ.

“ನಾ ಹೋಗಿ ಕೇಳ್ತೀನಿ. ನಾ ಬರೋಮಟ ಮುಟ್ಟಬ್ಯಾಡ್ರಿ.” ತಟ್ಟೆ ಅಲ್ಲೇ ಸ್ಟೂಲಿನ ಮೇಲಿಟ್ಟು ಚಪ್ಪಲಿ ಮೆಟ್ಟಿ ಬಿಸಿಲಿಗೆ ಇಳಿದಳು.

ಗಂಗಾಧರ ಮಿರ್ಚಿ ಕಚ್ಚುತ್ತ ಕಾದ. ಗುರುಶಾಂತ ಬಾಗಿಲಿಗೆ ಹೋಗಿ ಬಂದ. ತಂಬ್ರಹಳ್ಳಿಯ ಮದುವೆಯವರು ಸಂಜೆ ಫೋಟೋ ನೋಡಲು ಬರುವವರಿದ್ದರು; ಅವು ಇನ್ನೂ ಕ್ಯಾಮೆರಾದಲ್ಲೇ ಇದ್ದವು, ತೋರಿಸಲು ಕಂಪ್ಯೂಟರ್ ಬೇಕಿತ್ತು.

“ಕೂಡ್ಸಿದ್ರ ಹಳೇ ಗಿರಾಕಿ ಫೋಟೋ ಎಲ್ಲಾ ಅವನಿಗೂ ಸಿಗತಾವು, ಹೌದಿಲ್ಲೋ?”

“ಇಬ್ರಿಗೂ ಸಿಗ್ತವೆ.”

ಗುರುಶಾಂತ ರಸ್ತೆ ನೋಡುತ್ತ ನಿಂತ. ಪಾಪ, ಕೆಟ್ಟವನೇನಲ್ಲ, ತನಗೆ ನಷ್ಟವಾದರೆ ತಡೆದುಕೊಂಡಾನು, ತಮ್ಮನಿಗೆ ಲಾಭವಾಗುವುದನ್ನು ಮಾತ್ರ ತಡೆದುಕೊಳ್ಳಲಾರ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮಾತ್ರ ಬರುವ ರೋಗ ಅದು.

“ಸುರು ಮಾಡ್ರಿ. ಅಳಿಸಿ ಹೊಸಾದು ಹಾಕ್ರಿ.”

“ಅಮ್ಮಾರು ಬರ್ಲಿ ತಡೀರಿ.”

“ಅವ ಕೊಡಂಗಿಲ್ಲ ಅಂತ ನಾ ಅಂದೆನಲ್ಲ. ನನ್ನ ಒಡಹುಟ್ಟಿದವ, ನನಗ ಗೊತ್ತಿಲ್ಲೇನು? ನಿಮಗ ಬಸ್ ಸಿಗಬೇಕೋ ಬ್ಯಾಡೋ?”

ಗಂಗಾಧರ ಗಡಿಯಾರ ನೋಡಿದ. ಆಮೇಲೆ ಎರಡು ಡಿಸ್ಕಿನ ಹಳೆಯ ಜೋಡಣೆಯನ್ನು ಅಳಿಸಿ, ವಿಂಡೋಸಿನ ಸಿಡಿ ತಳ್ಳಿ, ಕೇಳಿದಾಗ ಎಫ್ ಸಿಕ್ಸ್ ಒತ್ತಿ, ಡಿಸ್ಕಿನ ಗುರುತು ಹತ್ತಿಸುವ ಡ್ರೈವರಿನ ಫ್ಲಾಪಿ ಹಾಕಿದ. ಈಗ ಡಿಸ್ಕು ಸಿಕ್ಕಿತು. ಇದರಲ್ಲಿರುವುದೆಲ್ಲ ಹೋಗುತ್ತದೆ, ಒಪ್ಪಿಗೆಯೇ ಎಂದು ಪರದೆ ಕೇಳಿತು. ಅವನು ಗುರುಶಾಂತನ ಮುಖ ನೋಡಿದ. ಗುರುಶಾಂತ ಹೂಂ ಎಂದು ತಲೆಯಾಡಿಸಿದ. ಬಸ್ಸು ಗಂಗಾಧರನಿಗೂ ಬೇಕಿತ್ತು, ಒತ್ತಿದ. ಹಳದಿ ಪಟ್ಟಿ ಎಡದಿಂದ ಬಲಕ್ಕೆ ನಿಧಾನ ತುಂಬತೊಡಗಿತು.

ಪೇಟೆಯ ಆ ತುದಿಯಲ್ಲಿ ಸೋಮಶೇಖರ ಊಟಕ್ಕೆ ಹೋಗಿದ್ದ. ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು ಕಾದಳು ಕೊಟ್ರಬಸಮ್ಮ. ಅವನು ಬಂದ. ವಿಷಯ ಕೇಳಿದ್ದೇ ಮುಖ ಗಂಟು ಹಾಕಿಕೊಂಡ.

“ಅಣ್ಣನ್ನ ಬಂದು ಕೇಳಂತ ಹೇಳು ಯವ್ವ. ಅವನ ಕಾಲೇನು ಮುರದಾವಾ?”

“ಅವನ ಸಲುವಾಗಿ ಬಂದಿಲ್ಲೋ ನಾನು.”

“ಡಿಸ್ಕ್ ಪಾಲು ಮಾಡ್ರಿ ಅಂದಾಕಿ ನೀನ. ಒಂದೊಂದು ಕೊಡ್ರಿ ಅಂದಾಕೀನೂ ನೀನ.”

“ಹೌದಪ್ಪಾ, ನಾನ ಅಂದೆ. ಬುದ್ಧಿ ಇಲ್ದ ಅಂದೆ.” ಅವಳು ಕಟ್ಟೆಯಿಂದ ಎದ್ದಳು. “ನಿಮ್ಮಪ್ಪನ ಮುಖ ಮರ್ತು ಹೊಂಟೈತೋ ಸೋಮು. ಕಣ್ಮುಚ್ಚಿದ್ರ ಆ ಚೀಟಿಯೊಳಗಿನ ಮುಖಾನ ಬರತೈತಿ. ನಲವತ್ತು ವರ್ಷ ಬಾಳೇ ಮಾಡೀನಿ, ಯಾರದೋ ಮುಖ ಬರತೈತಿ.”

ಸೋಮಶೇಖರ ಅಂಗಡಿಯ ಬೀಗ ತೆಗೆದ. ಒಳಗೆ ಹೋಗಿ ಪೂಜೆಯ ಹಲಗೆಯ ಮೇಲಿಂದ ಟವೆಲ್ಲಿನ ಗಂಟು ತೆಗೆದ. ಹಾಕಿಕೊಳ್ಳಲು ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ, ಡಿಸ್ಕು ಬಿಚ್ಚಿ ತಂದ ಹಾಗೇ ಇತ್ತು. ಅದರ ಮೇಲಿನ ವಿಭೂತಿಯನ್ನು ಅಂಗಿಯ ತುದಿಯಿಂದ ಒರೆಸಿ ತಾಯಿಯ ಕೈಗಿಟ್ಟ.

“ಬೀಳಿಸಬ್ಯಾಡ. ನನಗೂ ಒಂದು ಪ್ರಿಂಟ್ ಹಾಕಂತ ಹೇಳು,” ಅಂದ. ಅವಳು ಕಟ್ಟೆ ಇಳಿಯುವಾಗ, “ಅಣ್ಣಗ ನಾ ಅಂದೆ ಅಂತ ಹೇಳು,” ಅಂತಲೂ ಸೇರಿಸಿದ.

ಕೊಟ್ರಬಸಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಬಂದಳು. ಸೈಕಲ್ಲು ಬಂದರೂ ನಿಂತಳು, ಎತ್ತಿನ ಗಾಡಿ ಬಂದರೂ ನಿಂತಳು. ಎಷ್ಟೋ ದಿನಕ್ಕೆ ಅವಳಿಗೆ ಸಂತೋಷವಾಗಿತ್ತು. ಫೋಟೋಕ್ಕಿಂತ ಹೆಚ್ಚಾಗಿ ಸೋಮಶೇಖರನ ಆ ಕೊನೆಯ ಮಾತು ಅವಳ ಕಿವಿಯಲ್ಲಿತ್ತು.

“ಕೊಟ್ಟಾನ!” ಹೊಸ್ತಿಲಲ್ಲೇ ಕೂಗಿದಳು. “ನೋಡು ಗುರುಶಾಂತಾ, ಕೊಟ್ಟಾನ. ನಾ ಅಂದೆ ಅಂತ ಅಣ್ಣಗ ಹೇಳು ಅಂದ.” ಸೆರಗು ಬಿಡಿಸಿ ಡಿಸ್ಕನ್ನು ಗಂಗಾಧರನ ಕೈಯಲ್ಲಿಟ್ಟಳು. “ತಗಾ ತಮ್ಮಾ, ಕೂಡ್ಸು.”

ಗಂಗಾಧರ ಡಿಸ್ಕು ಹಿಡಿದು ಗುರುಶಾಂತನನ್ನು ನೋಡಿದ. ಗುರುಶಾಂತ ಗೋಡೆಯ ಕಡೆ ತಿರುಗಿ, ಫೋಟೋದ ಹಿನ್ನೆಲೆಗೆ ಕಟ್ಟಿದ, ನೆಟ್ಟಗೇ ಇದ್ದ ಪರದೆಯ ಬಟ್ಟೆಯನ್ನು ನೆಟ್ಟಗೆ ಮಾಡುತ್ತಿದ್ದ. ಅವನ ಕುತ್ತಿಗೆ ಕೆಂಪಾಗಿತ್ತು.

ಅಷ್ಟರಲ್ಲಿ ಮಾನಿಟರ್ ಬೆಳಗಿದ್ದು ಕೊಟ್ರಬಸಮ್ಮನ ಕಣ್ಣಿಗೆ ಬಿತ್ತು. “ಆಗಲೇ ಬಂತೇನು?” ಎನ್ನುತ್ತ ಕನ್ನಡಕ ಒರೆಸಿಕೊಂಡು ಹತ್ತಿರ ಬಂದಳು. ಹೊಸ ವಿಂಡೋಸಿನ ಜೊತೆಗೇ ಬರುವ ಚಿತ್ರ: ನೀಲಿ ಆಕಾಶ, ಬಿಳಿ ಮೋಡ, ಕೆಳಗೆ ಹಸಿರು ಹುಲ್ಲಿನ ದಿಬ್ಬ. ಅವಳು ಈ ಅಂಚಿನಿಂದ ಆ ಅಂಚಿನವರೆಗೆ ಗಾಜಿನ ಮೇಲೆ ಬೆರಳಾಡಿಸುತ್ತ ಹುಡುಕಿದಳು, ದಿಬ್ಬದ ಮೇಲೂ ನೋಡಿದಳು, ಮೋಡದ ಕೆಳಗೂ ನೋಡಿದಳು.

“ಇದರಾಗ ಯಾರೂ ಇಲ್ಲಲ್ಲಪಾ,” ಅಂದಳು.