ಜಡೆಯವಳ ಕೈಯಲ್ಲಿ ಮಗು

ಟಪ್ — ಬಂಡೆಯ ಆಚೆ ತುದಿಗೆ ಹೊದಿಸಿದ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಏನೋ ಬಿತ್ತು, ಹೆಜ್ಜೆಯಲ್ಲ, ಹೆಜ್ಜೆಯಾದರೆ ಹಿಂದೆಯೇ ಇನ್ನೊಂದು ಬರಬೇಕಿತ್ತು, ಪ್ರಫುಲ್ಲಾ ಉಸಿರು ಬಿಗಿಹಿಡಿದು ಕಾದಳು, ಮತ್ತೆ ಟಪ್, ಓಕ್ ಮರದ ಕಾಯಿ ಅಷ್ಟೇ, ರಾಜಶೇಖರ ಸರ್ ಅಲ್ಲ, ಶಿಬಿರದ ಮುಖ್ಯಸ್ಥರಾದ ಅವರು ಕೆಳಗೆ ರಸ್ತೆ ಪಕ್ಕ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತಿದ್ದಾರೆ, ಗಾಜಿನ ಹಿಂದೆ ಅವರ ಫೋನಿನ ನೀಲಿ ಬೆಳಕು ಕಾಣುತ್ತಿದೆ, ಇಳಿಸುವಾಗ ಅಂದಿದ್ದರು, ಈ ಚಳಿಗೆ ನನ್ನ ಸೊಂಟ ಹಿಡ್ಕೊಳುತ್ತೆ ಕಣಮ್ಮಾ, ನೀನೇ ಒಂದ್ಸಲ ನೋಡ್ಬಿಡು, ನಾಲ್ಕೂ ದಿಕ್ಕಿಂದ ಬೆಳಕು ಹಿಡಿ, ನಾಳೆ ಮ್ಯೂಸಿಯಮ್ಮಿನವರ ಮುಂದೆ ಎಡವಟ್ಟಾಗಬಾರದು — ಎಡವಟ್ಟು, ಆ ಪದವನ್ನು ನಾಲಿಗೆಯ ಮೇಲಿಟ್ಟು ನೋಡುತ್ತಾಳೆ, ಮಂಡಿಯೂರಿದ ಕಡೆ ಕಲ್ಲಿನ ತಣ್ಪು ಪ್ಯಾಂಟು ದಾಟಿ ಮೂಳೆಗೇ ಹತ್ತುತ್ತಿದೆ, ಸ್ವೀಡನ್ನಿನಲ್ಲಿ ಅಕ್ಟೋಬರ್ ಇನ್ನೂ ಮುಗಿದಿಲ್ಲ, ಕಣಿವೆಯ ಬಾಯಿಂದ ಸಮುದ್ರದ ಗಾಳಿ, ಮೇಲೆ ದಿಬ್ಬದಲ್ಲಿ ಯಾವ ಕಾಲದ್ದೋ ಸಮಾಧಿಯ ಕಲ್ಲುಗುಪ್ಪೆ, ಹಗಲಲ್ಲಿ ಬಂದರೆ ಇಲ್ಲೇನೂ ಇಲ್ಲ, ಆನೆಯ ಬೆನ್ನಿನಂಥ ಬೂದು ಬಂಡೆ, ಕತ್ತಲಾದ ಮೇಲೆ ದೀಪವನ್ನು ನೆಲಕ್ಕೆ ತಾಗುವಷ್ಟು ಕೆಳಗಿಟ್ಟು ಓರೆಯಾಗಿ ಹಾಯಿಸಬೇಕು, ಆಗ ಮೂರು ಸಾವಿರ ವರ್ಷದ ಹಿಂದೆ ಯಾರೋ ಕುಟ್ಟಿ ಕುಟ್ಟಿ ಮಾಡಿದ ಗೆರೆಗಳು ನೆರಳು ತುಂಬಿಕೊಂಡು ಏಳುತ್ತವೆ, ದೋಣಿ, ಎತ್ತು, ಪಾದ, ಮತ್ತು ಅವಳು, ಜಡೆಯವಳು, ಬೆನ್ನ ಮೇಲೆ ಮಂಡಿಯವರೆಗೆ ಇಳಿದ ಜಡೆ, ಮುಂದೆ ಚಾಚಿದ ಎರಡು ಕೈ.

ಅವಳನ್ನು ಕಂಡದ್ದು ಪ್ರಫುಲ್ಲಾ, ಎರಡು ವರ್ಷದ ಹಿಂದೆ, ಇದೇ ಬಂಡೆಯ ಮೇಲೆ, ಒಬ್ಬಳೇ, ಕೂಗಿಕೊಳ್ಳಬೇಕೆನ್ನಿಸಿ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು, ಬೆಳಗಾಗುವುದನ್ನೇ ಕಾದು ಫಿಕಾ ಹೊತ್ತಿಗೆ, ಇಲ್ಲಿನವರ ಕಾಫಿ ಬಿಡುವಿಗೆ, ಲೋಟ ಹಿಡಿದೇ ಸರ್ ಹತ್ತಿರ ಓಡಿದ್ದಳು, ಕನ್ನಡದಲ್ಲಿ, ಅದೇ ತಪ್ಪಾಯಿತೇ, ಇಂಗ್ಲಿಷಿನಲ್ಲಿ ಹೇಳಿದ್ದರೆ ಮೇಜಿನ ಸುತ್ತ ಕೂತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು, ಆದರೆ ಸಂತೋಷ ತಾಯ್ನುಡಿಯಲ್ಲಿ ತಾನೇ ಬರುವುದು, ಸರ್ ಜಡೆ ಇದೆ ಸರ್, ನಮ್ಮೂರ ಹೆಂಗಸರ ಹಾಗೆ, ಅವರು ನಗುತ್ತ ತಲೆಯಾಡಿಸಿದ್ದರು, ಮುಂದಿನ ವಸಂತಕ್ಕೆ ಲೇಖನ ಬಂತು, ರಾಜಶೇಖರ ಕಂಡುಹಿಡಿದ ಸ್ತ್ರೀ, ಕೊನೆಯಲ್ಲಿ ಸಣ್ಣಕ್ಷರದಲ್ಲಿ ಶಿಬಿರದ ಊಟೋಪಚಾರ ನೋಡಿಕೊಂಡ ಪ್ರಫುಲ್ಲಾಗೆ ಕೃತಜ್ಞತೆ, ಊಟೋಪಚಾರ! ಅದೇ ವಾರ ಲುಂಡ್‌ನಲ್ಲಿ ಅವರ ಮನೆಗೆ ಕರೆದಿದ್ದರು, ಹೆಂಡತಿ ಭಾನುಮತಿ ಅಕ್ಕ ಬಿಸಿಬೇಳೆಬಾತಿಗೆ ತುಪ್ಪ ಸುರಿಯುತ್ತ, ನಮ್ಮನೆಯವರು ನಿನ್ನನ್ನ ಎಷ್ಟು ಹೊಗಳ್ತಾರೆ ಗೊತ್ತೇನೇ, ಸ್ವಂತ ತಂಗಿ ಥರ ಅಂತಾರೆ, ಪ್ರಫುಲ್ಲಾ ತುತ್ತು ನುಂಗಿದಳು, ಧಾರವಾಡದಲ್ಲಿ ಎಂ.ಎ. ಓದುವಾಗ ಬಾದಾಮಿಯ ಕೆಂಪು ಕಮರಿಗಳಲ್ಲಿ, ಕಾದ ಕಲ್ಲುಗಳ ನಡುವೆ ನೀರಿಲ್ಲದೆ ನಮ್ಮನ್ನು ಅಲೆದಾಡಿಸುತ್ತಿದ್ದ ಲೀಲಾವತಿ ಮೇಡಂ, ಬಂಡೆಯ ಚಿತ್ರ ಯಾವ ಹುಡುಗ ಹುಡುಗಿಯ ಕಣ್ಣಿಗೆ ಮೊದಲು ಬಿತ್ತೋ ಅವರ ಹೆಸರನ್ನೇ ನಕ್ಷೆಯಲ್ಲಿ ಬರೆಸುತ್ತಿದ್ದರು, ಬರೀರಿ, ಕಣ್ಣು ಯಾರದೋ ಅವರ ಹೆಸರು ಬರೀರಿ, ಮೇಡಂ, ಇಲ್ಲಿ ನನ್ನ ಕಣ್ಣು ಊಟ ಬಡಿಸಿತು.

ದೀಪವನ್ನು ಮೂಡಣಕ್ಕೆ ಇಟ್ಟಳು, ಜಡೆಯವಳು ಎದ್ದಳು, ಅವಳ ಕೈಗಳ ನಡುವೆ ಅದೂ ಎದ್ದಿತು, ದುಂಡಗಿನ ಒಂದು ಗುಳಿ, ಅದರ ಕೆಳಗೆ ಮಡಚಿದಂಥ ಎರಡು ಗೆರೆ, ಸರ್ ಹೊಸದಾಗಿ ಕಂಡ ಮಗು, ತಾಯಿ ಮಗು, ಈ ಸೀಮೆಯಲ್ಲೆಲ್ಲೂ ಇಲ್ಲದ್ದು, ನಾಳೆ ಪತ್ರಿಕೆಯವರೂ ಬರುತ್ತಾರೆ. ಬೇಸಿಗೆಯಲ್ಲಿ ಪ್ರಫುಲ್ಲಾ ಹೇಳಿದ್ದಳಲ್ಲ, ಎಲ್ಲರೆದುರು, ಎಷ್ಟು ಮೆತ್ತಗೆ ಹೇಳಿದ್ದಳು, ಸರ್, ಆ ಎರಡು ಗೆರೆ ಬರೀ ಬಿರುಕಿರಬಹುದೇನೋ, ಅವರು ಬಿಸ್ಕತ್ತು ಕಾಫಿಗೆ ಅದ್ದಿ, ನಿನಗೆ ಮಗು ಕಾಣಲ್ಲ ಬಿಡಮ್ಮಾ, ಮೊದಲು ಮದುವೆ ಆಗು, ಒಂದು ಹೆರು, ಆಮೇಲೆ ತಾನಾಗೇ ಕಾಣುತ್ತೆ, ಅಷ್ಟಕ್ಕೇ ಬಿಡದೆ ಅದನ್ನು ಇಂಗ್ಲಿಷಿಗೂ ತಂದರು, ಸ್ವೀಡಿಷರು ಯಾರೂ ನಗಲಿಲ್ಲ, ಒಬ್ಬ ತನ್ನ ಲೋಟದೊಳಗೆ ನೋಡುತ್ತ ಕೂತ, ನಕ್ಕಿದ್ದರೂ ಆಗುತ್ತಿತ್ತು, ಆ ಕನಿಕರ ಇವತ್ತಿಗೂ ಕಿವಿ ಸುಡುತ್ತದೆ.

ಪಡುವಣಕ್ಕೆ ಇಟ್ಟಳು, ಮಗುವಿನ ಗೆರೆಗಳು ತೆಳುವಾದವು, ದಕ್ಷಿಣಕ್ಕೆ, ಒಂದೇ ಉಳಿಯಿತು, ಬಡಗಣಕ್ಕೆ ತೆವಳಿ ಹೋಗಿ ಕೆನ್ನೆ ಕಲ್ಲಿಗೆ ತಾಗುವಷ್ಟು ಬಗ್ಗಿ ದೀಪ ಹಾಯಿಸಿದಳು — ಮಗು ಇಲ್ಲ. ಮನುಷ್ಯ ಕುಟ್ಟಿದ ಗೆರೆ ಯಾವ ಕಡೆಯಿಂದ ಬೆಳಕು ಬಂದರೂ ನಿಲ್ಲುತ್ತದೆ, ಹಿಮಕ್ಕೆ ಸೀಳಿದ ಬಿರುಕು ನಿಲ್ಲುವುದಿಲ್ಲ, ಇದು ಈ ಕೆಲಸದ ಮೊದಲ ಪಾಠ, ಗುಳಿಯೊಂದು ನಿಜ, ಉಳಿದದ್ದು ಬರೀ ಹಿಮ, ಜಡೆಯವಳು ಮಾತ್ರ ನಾಲ್ಕೂ ಬೆಳಕಿಗೆ ನಿಂತಿದ್ದಾಳೆ, ಬರಿಗೈ ಚಾಚಿಕೊಂಡು. ಕ್ಯಾಮೆರಾ ಕಣ್ಣಿಗೇರಿತು, ಬೆರಳು ಗುಂಡಿಯ ಮೇಲೆ, ಹೇಳಬೇಕು, ಈಗ ಹೇಳಿದರೆ ಸರ್ ಮಾನ ಉಳಿಯುತ್ತದೆ, ಹೇಳಿದರೆ ಏನಾಗುತ್ತದೆ ಅದೂ ಗೊತ್ತು, ನಾಳೆ ಗಂಟಲು ಸರಿಮಾಡಿಕೊಂಡು, ನಿನ್ನೆ ರಾತ್ರಿ ನಾನೇ ಮರುಪರಿಶೀಲಿಸಿದಾಗ ಎನ್ನುತ್ತಾರೆ, ಎಂಥ ಪ್ರಾಮಾಣಿಕ ವಿದ್ವಾಂಸ ಎಂದು ಎಲ್ಲರೂ ತಲೆದೂಗುತ್ತಾರೆ, ನನ್ನ ಕಣ್ಣು ಎರಡನೇ ಸಲ ಊಟ ಬಡಿಸುತ್ತದೆ — ಬೆರಳು ತೆಗೆದಳು, ಚಿತ್ರ ತೆಗೆಯಲಿಲ್ಲ.

ಕಾರಿನ ಗಾಜು ಸ್ವಲ್ಪವೇ ಇಳಿಯಿತು, ಒಳಗಿನ ಬಿಸಿಗಾಳಿ, ಪುದೀನಾ ಪೆಪ್ಪರ್‌ಮಿಂಟಿನ ವಾಸನೆ, ಏನಮ್ಮಾ, ಹೇಗಿದಾನೆ ನನ್ನ ಮಗ? ಇದಾನೆ ಸರ್. ನಾಲ್ಕೂ ಕಡೆಯಿಂದ ನೋಡಿದ್ಯಾ? ನೋಡಿದೆ ಸರ್. ಬಡಗಣದಿಂದ? ಒಂದು ಕ್ಷಣ, ಒಂದೇ ಕ್ಷಣ, ಅವರ ದನಿಯಲ್ಲಿ ನಿಜವಾದ ಅಳುಕಿತ್ತು, ಪರೀಕ್ಷೆಯ ಹಿಂದಿನ ರಾತ್ರಿಯ ಹುಡುಗನ ಅಳುಕು, ಅದಕ್ಕೆ ಅವಳು ಕರಗಿಬಿಡಬಹುದಿತ್ತು, ಆದರೂ ಅಂದಳು, ಬಡಗಣದಿಂದ ಇನ್ನೂ ಚೆನ್ನಾಗಿ ಕಾಣ್ತಾನೆ ಸರ್. ನೋಡಿದ್ಯಾ, ನಾನು ಹೇಳ್ಲಿಲ್ವಾ, ಮದುವೆ ಆಗದೇನೇ ಕಾಣಿಸ್ತಲ್ಲಪ್ಪ ನಿನಗೆ, ಅವರು ಸ್ಟಿಯರಿಂಗ್ ಬಡಿದು ನಕ್ಕರು, ಹತ್ತು ಹತ್ತು, ನಾಳೆ ಕಾಫಿ ಜವಾಬ್ದಾರಿ ನಿಂದೇ, ಮರೀಬೇಡ. ಮರೆಯಲ್ಲ ಸರ್, ಅವಳು ಹಿಂದಿನ ಸೀಟಿನಲ್ಲಿ ಕೂತಳು.

ನಾಳೆ ಗುನಿಲ್ಲಾ ಬರುತ್ತಾರೆ, ಮ್ಯೂಸಿಯಮ್ಮಿನ ಮುದುಕಿ, ತನ್ನ ದೀಪ ತಾನೇ ತರುವವರು, ಕತ್ತಲಾಗುವವರೆಗೆ ಯಾರ ಭಾಷಣಕ್ಕೂ ತುಟಿ ಬಿಚ್ಚದೆ ಕಾದು ಕೂರುವವರು, ಆಮೇಲೆ ಮೊದಲು ಬಡಗಣಕ್ಕೇ ಹೋಗಿ ಬಗ್ಗುತ್ತಾರೆ, ಪ್ರಫುಲ್ಲಾ ಲೋಟಗಳನ್ನು ಜೋಡಿಸುತ್ತಿರುತ್ತಾಳೆ, ತಲೆ ಎತ್ತುವುದಿಲ್ಲ, ಯಾರು ಪರೀಕ್ಷಿಸಿದರು ಎಂದು ಅವಳನ್ನು ಯಾರೂ ಕೇಳುವುದಿಲ್ಲ, ಅವಳ ಹೆಸರು ಯಾವ ಕಾಗದದಲ್ಲೂ ಇಲ್ಲವಲ್ಲ, ಸರ್ ತಾವೇ ಇಲ್ಲದಂತೆ ಮಾಡಿದ್ದಾರಲ್ಲ, ಈ ಹುಡುಗಿ ನೋಡಿ ಹೇಳಿದಳು ಎನ್ನಬೇಕಾದರೆ ಈ ಹುಡುಗಿಗೆ ಕಣ್ಣಿದೆ ಎಂದು ಮೊದಲು ಒಪ್ಪಬೇಕು, ಒಪ್ಪಲಿ, ಎಲ್ಲರೆದುರು ಒಪ್ಪಲಿ, ಇಲ್ಲ, ಒಪ್ಪುವುದಿಲ್ಲ, ಭಾನುಮತಿ ಅಕ್ಕ ಅಳುತ್ತ ಫೋನ್ ಮಾಡುತ್ತಾರೆ, ಅಯ್ಯೋ ಅಕ್ಕಾ ಅನ್ನುತ್ತೇನೆ, ಅಷ್ಟೇ, ಅಕ್ಕನಿಗೆ ಹೇಳುವುದಿಲ್ಲ, ಭಾನುವಾರದ ಫೋನಿನಲ್ಲಿ ಅಮ್ಮನಿಗೂ ಇಲ್ಲ, ಗುನಿಲ್ಲಾ ಕೈ ಹಿಡಿದು ಕೇಳಿದರೂ ಇಲ್ಲ, ಗೆದ್ದೆ ಎಂದು ಹೇಳಿಕೊಳ್ಳುವ ಸುಖವೂ ಬೇಡ, ಯಾರಿಗೂ ಇಲ್ಲ, ಎಂದಿಗೂ ಇಲ್ಲ — ಕಾರು ತಿರುವಿನಲ್ಲಿ ಹೊರಳಿತು, ಹೆಡ್‌ಲೈಟು ಬಂಡೆಯ ಮೇಲೆ ಒಮ್ಮೆ ಓರೆಯಾಗಿ ಹರಿಯಿತು, ಬಡಗಣದಿಂದ, ಮತ್ತು ಅವಳು ಕಂಡಳು, ಜಡೆ, ಚಾಚಿದ ಕೈ, ಬರಿಗೈ, ಬರಿಗೈ