ಹದಿನೈದನೆಯ ಜಾಡಿಯ ಮೆದುಳು

ಈಗಲೇ ಹೇಳಿಬಿಡಲೇ, ಊಟ ಮುಗಿಯುವವರೆಗೆ ಕಾಯಲೇ? ಹೇಳಿದರೆ ರೊಟ್ಟಿ ತಟ್ಟುತ್ತಿರುವ ಈ ಕೈಗಳ ಹಸಿರು ಬಳೆಗಳು ಇವತ್ತೇ ಒಡೆಯಬೇಕು. ಹೇಳದಿದ್ದರೆ ಇನ್ನೆಷ್ಟು ದಿನ? ಇಪ್ಪತ್ತೆರಡು ವರ್ಷ ಕಳೆದಿವೆ. ಒಂದು ಊಟದ ಹೊತ್ತು ಹೆಚ್ಚಾಯಿತೇ?

ಅಣ್ಣಿಗೇರಿಯ ಒಂದು ಅಡುಗೆಮನೆಯಲ್ಲಿ, ಫಕೀರಪ್ಪನ ತಲೆಯೊಳಗೆ ಇದನ್ನು ಹೀಗೆ ಉರುಳಿಸುತ್ತಿದ್ದದ್ದು ನಾನೇ. ನಾನು ಒಂದು ಮೆದುಳು. ಅವನ ಮೆದುಳು. ರೊಟ್ಟಿ ತಟ್ಟುತ್ತಿದ್ದವಳು ಅವನ ತಂಗಿ ನೀಲವ್ವ. ಅವಳ ಗಂಡ ಸತ್ತಿದ್ದಾನೆಂಬುದು ಅವನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ನನ್ನ ಹುಟ್ಟಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅವನ ತಾಯಿಯ ಹೊಟ್ಟೆಯಲ್ಲಿ ಮೊದಲು ನಾನೊಂದು ಸಣ್ಣ ಕೊಳವೆಯಾಗಿದ್ದೆ. ಆಮೇಲೆ ಕೊಳವೆಯ ತುದಿ ಉಬ್ಬಿತು, ಬಾಗಿತು, ಮಡಿಕೆ ಮಡಿಕೆಯಾಯಿತು. ಮೇಲೆ ಎರಡು ಹೋಳಿನ ದೊಡ್ಡ ಮೆದುಳು, ಹಿಂದೆ ಮೈಯ ತೂಕ ತಪ್ಪದಂತೆ ನೋಡಿಕೊಳ್ಳುವ ಕಿರುಮೆದುಳು, ಕೆಳಗೆ ಉಸಿರು ಮತ್ತು ಎದೆಬಡಿತವನ್ನು ಕಾಯುವ ಕಾಂಡ. ನನ್ನ ಅಡಿಯಿಂದ ಹನ್ನೆರಡು ಜೋಡಿ ನರಗಳು ಹೊರಟವು. ಅವುಗಳ ಮೂಲಕವೇ ನಾನು ಅವನ ಮುಖವನ್ನು ಆಳಿದೆ, ಅವುಗಳ ಮೂಲಕವೇ ಬೆಲ್ಲ ತಿಂದೆ.

ಫಕೀರಪ್ಪ ಒಂದು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಅಟೆಂಡರ್ ಆಗಿದ್ದ. ಏಳನೆಯ ಇಯತ್ತೆ ಓದಿದ್ದ ಅವನು ತಲೆಬುರುಡೆಯನ್ನು ಗರಗಸದಿಂದ ಬಿಡಿಸಿ ಮೆದುಳನ್ನು ಒಂದು ಗೀರೂ ಬೀಳದಂತೆ ಹೊರತೆಗೆಯುವುದರಲ್ಲಿ ಪ್ರೊಫೆಸರರಿಗಿಂತ ಗಟ್ಟಿಗನಾಗಿದ್ದ. ಅದಕ್ಕೊಂದು ಕ್ರಮವಿದೆ. ಮುಂಭಾಗವನ್ನು ಬೆರಳಿನಿಂದ ಮೆಲ್ಲಗೆ ಎತ್ತಿ, ಅಡಿಯಲ್ಲಿ ಕಾಣುವ ನರಗಳನ್ನು ಒಂದೊಂದಾಗಿ ಕತ್ತರಿಸುತ್ತ ಹಿಂದಕ್ಕೆ ಹೋಗಬೇಕು. ಅವಸರ ಮಾಡಿದರೆ ನರ ಬುಡಸಮೇತ ಕಿತ್ತು ಬರುತ್ತದೆ.

ಅವನದೇ ಆದ ಇನ್ನೊಂದು ಕ್ರಮವೂ ಇತ್ತು. ಹೊಸ ಶವ ಬಂದರೆ ಮೊದಲು ಅದರ ಮುಖದ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಿದ್ದ. ತೊಡೆಯ ರಕ್ತನಾಳದ ಮೂಲಕ, ಶವ ಕೆಡದಂತೆ ಇಡುವ ಫಾರ್ಮಲಿನ್ ಏರಿಸಿ ಮುಗಿಯುವವರೆಗೆ ಬಟ್ಟೆ ತೆಗೆಯುತ್ತಿರಲಿಲ್ಲ. ಸತ್ತವರ ಮುಖವನ್ನು ದಿಟ್ಟಿಸಬಾರದು, ಅದು ಮರ್ಯಾದೆಯಲ್ಲ ಎಂದು ನಂಬಿದ್ದ. ಮುಖ ನೋಡುತ್ತಿದ್ದದ್ದು ಕೊನೆಗೆ, ಗಡ್ಡ ಮತ್ತು ತಲೆ ಬೋಳಿಸುವಾಗ ಮಾತ್ರ.

ಆ ದಿನ ಬಂದದ್ದು ವಾರಸುದಾರರಿಲ್ಲದ ಒಂದು ಗಂಡಸಿನ ಶವ. ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದು. ಪೊಲೀಸರು ಕಾಯಬೇಕಾದಷ್ಟು ದಿನ ಕಾದು ಕಾಗದಪತ್ರ ಮುಗಿಸಿದ್ದರು. ಫಕೀರಪ್ಪ ಎಂದಿನಂತೆ ಬಟ್ಟೆ ಹೊದಿಸಿದ, ಫಾರ್ಮಲಿನ್ ಏರಿಸಿದ, ಕೈಗೆ ಹಿತ್ತಾಳೆಯ ಬಿಲ್ಲೆ ಕಟ್ಟಿದ. ಮಧ್ಯಾಹ್ನದ ಹೊತ್ತಿಗೆ ಬಟ್ಟೆ ತೆಗೆದು ಗಡ್ಡ ಬೋಳಿಸತೊಡಗಿದ. ಗಲ್ಲದ ಎಡಭಾಗದಲ್ಲಿ ಎತ್ತಿನ ಕೊಂಬು ತಾಗಿದ ಗಾಯದ ಹಳೆಯ ಕಲೆ ಕಾಣಿಸಿತು.

ನನ್ನೊಳಗೆ, ಎರಡೂ ಬದಿಯ ಆಳದಲ್ಲಿ, ಬಾದಾಮಿಯಷ್ಟಿರುವ ಒಂದೊಂದು ಗಂಟಿದೆ. ಭಯ ಹುಟ್ಟುವುದು ಅಲ್ಲಿ. ಹೆಸರು ಹೊಳೆಯುವ ಮೊದಲೇ ಆ ಗಂಟು ಬಡಿದುಕೊಂಡಿತು. ಕೈಯಿಂದ ಕ್ಷೌರದ ಕತ್ತಿ ಜಾರಿ ಬಿತ್ತು. ಆಮೇಲೆ ಹೆಸರು ಬಂತು. ಹೊಳೆಬಸಪ್ಪ. ಮೂರು ವರ್ಷದ ಹಿಂದೆ ಮನೆ ಬಿಟ್ಟುಹೋಗಿದ್ದ ನೀಲವ್ವನ ಗಂಡ.

ಓಡಿಹೋಗಿ ಸಾಹೇಬರಿಗೆ ಹೇಳಬಹುದಿತ್ತು. ಅವನ ಕಾಲು ಎರಡು ಹೆಜ್ಜೆ ಬಾಗಿಲ ಕಡೆಗೆ ಹೋಗಿಯೂ ಇತ್ತು. ಆದರೆ ನಾನು ಲೆಕ್ಕ ಹಾಕಿದೆ, ಲೆಕ್ಕ ಹಾಕುವುದು ನನ್ನ ಕೆಲಸ. ನೀಲವ್ವನ ಮಗಳ ಮದುವೆಗೆ ಹನ್ನೊಂದು ದಿನ ಉಳಿದಿತ್ತು. ಸುದ್ದಿ ಹೋದರೆ ಮದುವೆ ನಿಲ್ಲುತ್ತದೆ. ಮುತ್ತೈದೆಯಾಗಿ ಅಕ್ಕಿಕಾಳು ಹಾಕಬೇಕಾದ ತಾಯಿ ಕೋಣೆ ಸೇರುತ್ತಾಳೆ. ಮೇಲಾಗಿ, ತನ್ನ ಗಂಡನ ತೊಡೆ ಸೀಳಿ ಮದ್ದು ತುಂಬಿದ ಕೈ ಯಾರದೆಂದು ಅವಳು ಕೇಳುತ್ತಾಳೆ. ಮದುವೆ ಮುಗಿಯಲಿ ಎಂದೆ ನಾನು. ಫಕೀರಪ್ಪ ನೆಲದಿಂದ ಕತ್ತಿ ಎತ್ತಿಕೊಂಡು ಉಳಿದ ಗಡ್ಡವನ್ನು ಬೋಳಿಸಿದ.

ಮದುವೆ ಮುಗಿಯಿತು. ಮಗಳು ಬಸುರಿಯಾದಳು, ಈಗ ಬೇಡ ಎನಿಸಿತು. ಅಷ್ಟರಲ್ಲಿ ವಿದ್ಯಾರ್ಥಿಗಳು ಆ ದೇಹದ ಮೇಲೆ ಒಂದು ವರ್ಷದ ಪಾಠ ಮುಗಿಸಿದ್ದರು. ಹೊಳೆಬಸಪ್ಪನ ಮೆದುಳನ್ನು ಬೇರೆ ಯಾರಿಗೂ ಮುಟ್ಟಲು ಬಿಡದೆ ಫಕೀರಪ್ಪನೇ ತೆಗೆದ. ಅಷ್ಟು ಅಚ್ಚುಕಟ್ಟಾಗಿ ಅವನು ಅದುವರೆಗೆ ಯಾವುದನ್ನೂ ತೆಗೆದಿರಲಿಲ್ಲ. ಪ್ರೊಫೆಸರರು ಮೆಚ್ಚಿ ಅದನ್ನು ಸಂಗ್ರಹಾಲಯದ ಹದಿನಾಲ್ಕನೆಯ ಜಾಡಿಯಲ್ಲಿ ಇರಿಸಿದರು. ದಿನವೂ ಆ ಗಾಜನ್ನು ಒರೆಸಿದವನು ಫಕೀರಪ್ಪ.

ನಿವೃತ್ತನಾಗುವ ವರ್ಷ ತನ್ನ ದೇಹವನ್ನೂ ಕಾಲೇಜಿಗೇ ಬರೆದುಕೊಟ್ಟ. ಹೆಂಡತಿ ಮಕ್ಕಳಿಲ್ಲದ ಅವನಿಗೆ ಒಪ್ಪಿಗೆಯ ಹೆಬ್ಬೆಟ್ಟು ಒತ್ತಬೇಕಾದವಳು ನೀಲವ್ವ. ಒತ್ತುವಾಗ ನಕ್ಕಳು: “ಅಣ್ಣಾ, ಸತ್ತ ಮ್ಯಾಲೂ ನೀ ಡ್ಯೂಟಿ ಬಿಡೂದಿಲ್ಲ ಅಂದಂಗಾತು.” ಅವನೂ ನಕ್ಕ. ನಗುವುದು ಏಳನೆಯ ನರದ ಕೆಲಸ. ಒಳಗೆ ಏನಿದ್ದರೂ ಅದು ತುಟಿಯನ್ನು ಎಳೆಯುತ್ತದೆ.

ಈಗ ಆ ಅಡುಗೆಮನೆಗೆ ಬರುತ್ತೇನೆ. ತಟ್ಟೆ ಬದಿಗಿಟ್ಟು ಅವನು ಬಾಯಿ ತೆರೆದ. ಆ ದಿನ ನಿಜವಾಗಿ ಹೇಳುತ್ತಿದ್ದನೋ, ಇನ್ನೊಂದು ರೊಟ್ಟಿ ಕೇಳುತ್ತಿದ್ದನೋ, ನಾನು ಆಣೆ ಮಾಡಿ ಹೇಳಲಾರೆ. ನನ್ನ ಎಡಭಾಗಕ್ಕೆ ರಕ್ತ ತರುವ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಒಂದು ಗರಣೆ ಬಂದು ಸಿಕ್ಕಿಕೊಂಡಿತು. ಬಲಗೈ ತಟ್ಟೆಯ ಮೇಲೆ ಬಿತ್ತು, ಮುಖ ಓರೆಯಾಯಿತು.

ನನ್ನ ಎಡ ಮುಂಭಾಗದಲ್ಲಿ, ಕಣತಲೆಯಿಂದ ಸ್ವಲ್ಪ ಮುಂದೆ, ಹೆಬ್ಬೆರಳಿನಗಲದ ಒಂದು ಜಾಗವಿದೆ. ಮಾತನ್ನು ಜೋಡಿಸಿ ನಾಲಿಗೆಗೆ ಕೊಡುವುದು ಅಲ್ಲಿ. ಅದು ಸತ್ತಿತು. ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವ ಜಾಗ ಇನ್ನೂ ಹಿಂದೆ, ಕಿವಿಯ ಮೇಲುಗಡೆ. ಅದು ಉಳಿಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಅವನಿಗೆ ಎಲ್ಲವೂ ತಿಳಿಯುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದದ್ದು ಒಂದೇ ಪದ: “ಹೌದು.” ನೀರು ಬೇಕೇ ಎಂದರೂ ಹೌದು, ನಿನ್ನ ಹೆಸರೇನು ಎಂದರೂ ಹೌದು.

ಐದನೆಯ ದಿನ ನೀಲವ್ವ ಅವನ ಎಡಗೈ ಹಿಡಿದುಕೊಂಡು ಕುಳಿತಿದ್ದಳು. ಇಷ್ಟು ವರ್ಷ ಸುತ್ತಿ ಬಳಸಿ ಮಾತಾಡಿದವಳು ನೇರವಾಗಿ ಕೇಳಿದಳು.

“ಅಣ್ಣಾ, ಅವರ ಸುದ್ದಿ ನಿನಗ ಗೊತ್ತೈತಿ ಅಂತ ನನಗ ಮೊದಲಿಂದ ಗುಮಾನಿ. ಗೊತ್ತೈತೇನ?”

“ಹೌದು.”

ಅವಳ ಹಿಡಿತ ಬಿಗಿಯಾಯಿತು. ನಾನು ಮುಂದಿನ ಪ್ರಶ್ನೆಯನ್ನು ಅವಳ ಕಣ್ಣಿನಲ್ಲೇ ಓದಿದೆ. ಬೇಡ ಎಂದು ಕೂಗಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

“ಜೀವಂತ ಅದಾರೇನ?”

ತಲೆ ಅಲ್ಲಾಡಿಸಲು ನೋಡಿದೆ. ಕುತ್ತಿಗೆಯನ್ನು ತಿರುಗಿಸುವ ಹನ್ನೊಂದನೆಯ ನರ ಸರಿಯಾಗಿಯೇ ಇತ್ತು, ಆದರೆ ಅದಕ್ಕೆ ಅಪ್ಪಣೆ ಕೊಡುವ ದಾರಿ ನನಗೇ ತಪ್ಪಿಹೋಗಿತ್ತು. ತಲೆ ಮೇಲೆ ಕೆಳಗೆ ಆಡಿತು. ಸತ್ತ ಜಾಗದ ಅಂಚಿನಿಂದ ಆ ಪದ ತಾನಾಗಿ ಹೊರಟಿತು.

“ಹೌದು.”

ನೀಲವ್ವ ಅಳಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡು ಬಂದಳು. ಅವಳ ಮುಖ ಬೆಳಗಿತ್ತು. ಫಕೀರಪ್ಪ ಮತ್ತೆ ಮತ್ತೆ ಹೌದು, ಹೌದು ಎಂದು ಒದರಿದ, ಕಣ್ಣಲ್ಲಿ ನೀರು ಸುರಿಯಿತು. ಅಣ್ಣನಿಗೂ ಸಂತೋಷವಾಗಿದೆ ಎಂದುಕೊಂಡಳು. ಮರುದಿನ ಹೊಸ ಬಳೆ ತೊಟ್ಟು ಬಂದಳು.

ಮೂರು ವಾರಕ್ಕೆ ಅವನು ಸತ್ತ. ಅವನನ್ನು ಕಾಲೇಜಿಗೆ ಬರಮಾಡಿಕೊಂಡವನು ಫಕೀರಪ್ಪನೇ ಕೆಲಸ ಕಲಿಸಿದ್ದ ಅಟೆಂಡರ್ ಮೌಲಾಲಿ. ತಿಂಗಳುಗಳಾದ ಮೇಲೆ ನನ್ನನ್ನು ಹೊರತೆಗೆದವನೂ ಅವನೇ. ಗರಗಸ ಹಿಡಿಯುವ ಮೊದಲು ಮೆಲ್ಲಗೆ ಅಂದ: “ಕಾಕಾ, ನೀವು ಕಲಿಸಿದಂಗ ಮಾಡಾಕತ್ತೀನಿ. ತಪ್ಪಿದ್ರ ಬೈಬ್ಯಾಡ್ರಿ.”

ತಪ್ಪಲಿಲ್ಲ. ನನಗೆ ನೋವೂ ಆಗಲಿಲ್ಲ. ಇಡೀ ಮೈಯ ನೋವನ್ನು ಅರಿಯುವ ನನ್ನಲ್ಲಿ ನನ್ನದೇ ನೋವಿನ ನರಗಳಿಲ್ಲ. ಹನ್ನೆರಡರಲ್ಲಿ ಮೊದಲನೆಯ ನರ ಹೋಯಿತು, ವಾಸನೆಯೊಂದಿಗೆ. ಎರಡನೆಯದು ಹೋಯಿತು, ಎಲ್ಲ ಮುಖಗಳೊಂದಿಗೆ. ಕಣ್ಣಾಲಿಗಳನ್ನು ತಿರುಗಿಸುತ್ತಿದ್ದ ಮೂರು ಎಳೆಗಳು, ಕೆನ್ನೆಯ ಸ್ಪರ್ಶ ತಿಳಿಸುತ್ತಿದ್ದ ದಪ್ಪನೆಯ ಐದನೆಯದು, ನಗು, ಕಿವಿ, ನುಂಗುವ ಗಂಟಲು. ಎಲ್ಲಕ್ಕಿಂತ ಕೊನೆಗೆ ಹನ್ನೆರಡನೆಯದು, ನಾಲಿಗೆಯ ನರ. ಮೌಲಾಲಿ ಅದನ್ನು ಬೆಳಕಿಗೆ ಹಿಡಿದು ನೋಡಿದ. ಅದರಲ್ಲಿ ಯಾವ ದೋಷವೂ ಇರಲಿಲ್ಲ.

ನಾನು ಹದಿನೈದನೆಯ ಜಾಡಿಗೆ ಬಂದೆ. ಹದಿನಾಲ್ಕನೆಯದು ನನ್ನ ಪಕ್ಕದಲ್ಲೇ ಇದೆ. ವಿಭಾಗದ ಉಷಾ ಮೇಡಂ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಇಬ್ಬರನ್ನೂ ತೋರಿಸುತ್ತಾರೆ: ಇದು ಸರಿಯಾಗಿರುವುದು, ಇದರಲ್ಲಿ ನೋಡಿ, ಮಾತಿನ ಜಾಗ ಕುಸಿದಿದೆ. ಕಿವಿಯ ನರ ಹೋದಮೇಲೂ ಗಾಜಿಗೆ ಬಂದು ಬಡಿದ ಮಾತುಗಳು ಹೇಗೋ ನನ್ನನ್ನು ಮುಟ್ಟುತ್ತವೆ.

ಕಳೆದ ತಿಂಗಳು ದೇಹ ಕೊಟ್ಟವರ ಮನೆಯವರನ್ನು ಕಾಲೇಜಿಗೆ ಕರೆದು ಗೌರವಿಸಿದರು. ನೀಲವ್ವ ಬಂದಿದ್ದಳು. ನನ್ನನ್ನು ನೋಡಲೇಬೇಕೆಂದು ಹಟ ಹಿಡಿದಳಂತೆ. ಬಹಳ ಹೊತ್ತು ನಿಂತಳು. ಆಮೇಲೆ ಪಕ್ಕದ ಜಾಡಿ ಯಾರದೆಂದು ಕೇಳಿದಳು. ಯಾರೋ ವಾರಸುದಾರರಿಲ್ಲದವರದು, ಹೆಸರಿಲ್ಲ ಎಂದರು ಮೇಡಂ.

“ಹೆಸರಿಲ್ಲದ ಯಾರು ಹುಟ್ಟತಾರ್ರಿ, ಬಾಯಾರ,” ಎಂದಳು ನೀಲವ್ವ ಮೇಡಂ ಕಡೆಗೆ ತಿರುಗಿ. “ಇವರ ಮನಿಯವರು ಇನ್ನೂ ಹಾದಿ ಕಾಯತಿರಬೇಕು. ನನಗರ ನಮ್ಮಣ್ಣ ಸಾಯೂ ಮುಂದ ಹೇಳಿ ಹೋದ, ನಮ್ಮವರು ಬದುಕ್ಯಾರ ಅಂತ.”

ಹದಿನಾಲ್ಕನೆಯ ಜಾಡಿಗೂ ಕೈಮುಗಿದು ಅವಳು ಬಸ್ಸಿನ ಹೊತ್ತಾಯಿತೆಂದು ಹೊರಟಳು.

ವಿದ್ಯಾರ್ಥಿಗಳು ಕುಸಿದ ಜಾಗದ ಕಡೆಗೆ ಬೆರಳು ತೋರಿಸಿ, ಪಾಪ, ರೋಗದಿಂದ ಮಾತು ಹೋಗಿತ್ತು ಎನ್ನುತ್ತಾರೆ. ಆ ರೋಗಕ್ಕೆ ಮೂರು ವಾರ ಮಾತ್ರ ವಯಸ್ಸು. ಅದಕ್ಕೂ ಮೊದಲು, ಆ ಜಾಗ ಚೆನ್ನಾಗಿದ್ದ ಇಪ್ಪತ್ತೆರಡು ವರ್ಷಗಳಲ್ಲಿ, ನಿನ್ನ ಗಂಡ ಸತ್ತಿದ್ದಾನೆ ಎಂದು ಫಕೀರಪ್ಪ ತನ್ನ ತಂಗಿಗೆ ಹೇಳಲಿಲ್ಲ.