ಮುಷ್ಟಿಯೊಳಗಿನ ಹೆಬ್ಬೆಟ್ಟು

ಅಮೃತಹಳ್ಳಿಯ ಪಟಾಲಮ್ಮನವರು ಬೀದಿಯಲ್ಲಿ ನಡೆದು ಬರುವಾಗ ಬಲಗೈಯ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಒಳಗೆ ಮಡಚಿಟ್ಟುಕೊಂಡಿರುತ್ತಾರೆ. ಎಡಗೈ ಆರಾಮಾಗಿ ಬೀಸುತ್ತಿರುತ್ತದೆ, ಸೆರಗು ಸರಿಮಾಡಿಕೊಳ್ಳುತ್ತದೆ, ತರಕಾರಿ ಗಾಡಿಯ ಬೀನ್ಸನ್ನು ಮುರಿದು ನೋಡುತ್ತದೆ; ಬಲಗೈ ಮಾತ್ರ ಏನನ್ನೋ ಕಾಯುತ್ತಿರುವ ಗಾಂಭೀರ್ಯದಲ್ಲಿ ಮುಷ್ಟಿಯಾಗಿಯೇ ಇರುತ್ತದೆ. ಇಳಕಲ್ ಕಡೆಯಿಂದ ಬಂದು ಯಲಹಂಕದ ಕಾಲೇಜೊಂದರಲ್ಲಿ ಬ್ಯಾಂಕಿಂಗ್ ಕಾನೂನು ಪಾಠ ಮಾಡುತ್ತಿದ್ದ ಸೋಮನಾಥರು ಅವರ ಮನೆಯ ಮಹಡಿಗೆ ಬಾಡಿಗೆಗೆ ಬಂದ ದಿನ ಆ ಮುಷ್ಟಿಯನ್ನು ಕಂಡು, ಪಾಪ, ವಾತವಿರಬೇಕೆಂದು ಮರುಗಿದ್ದರು.

ವಾತವಲ್ಲವೆಂಬುದು ಕರಾರುಪತ್ರದ ದಿನವೇ ತಿಳಿಯಿತು. ಪಟಾಲಮ್ಮನವರಿಗೆ ಓದು ಬಾರದು. ಮೊಮ್ಮಗಳು ದಿವ್ಯ ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಆಮೇಲೆ ಅವಳನ್ನು ಅಡುಗೆಮನೆಗೆ ಕಳಿಸಿ, ಎದುರುಮನೆಯ ನೀಲಕ್ಕನನ್ನು ಕರೆಸಿ ಅದೇ ಪತ್ರವನ್ನು ಮತ್ತೆ ಓದಿಸಿದರು. ಒಬ್ಬರು ಓದಿದ್ದು ಇನ್ನೊಬ್ಬರ ಕಿವಿಗೆ ಬಿದ್ದಿರಬಾರದು, ಎರಡೂ ಅಕ್ಷರಕ್ಕೆ ಅಕ್ಷರ ಕೂಡಬೇಕು. ಇದು ಆ ಮನೆಯ ಶಾಸನ. ಕೂಡಿತು ಎಂದಾದ ಮೇಲೆ ಮುಷ್ಟಿ ಬಿಚ್ಚಿತು. ಮಸಿ ಹತ್ತಿದ ಹೆಬ್ಬೆರಳು ಕಾಗದದ ಮೇಲೆ ನಿಧಾನವಾಗಿ ಹೊರಳಿ ಎದ್ದಿತು. ಮಸಿಯ ಡಬ್ಬಿಯ ಮೇಲೆ ಉಳಿದ ಗುರುತನ್ನೂ ಅವರು ಹಳೆಯ ಬಟ್ಟೆಯಿಂದ ಒರೆಸಿ ಹಾಕಿದರು. ಸೋಮನಾಥರು ತಮ್ಮ ಆಧಾರ್ ಜೆರಾಕ್ಸನ್ನು ಮುಂದೆ ಚಾಚಿದಾಗ ಮುದುಕಿ ಅದನ್ನು ಮುಟ್ಟಲಿಲ್ಲ.

“ಅದರ ಮೇಲೆ ಅಡ್ಡಕ್ಕೆ ಬರೀರಿ ಮೇಷ್ಟ್ರೇ, ಇದು ಪಟಾಲಮ್ಮನ ಮನೆ ಬಾಡಿಗೆಗೆ ಮಾತ್ರ ಅಂತ. ತಾರೀಕೂ ಆಕಿ.”

ಮೇಷ್ಟ್ರು ಒಳಗೊಳಗೇ ನಗುತ್ತ ಬರೆದುಕೊಟ್ಟರು. ಸಿಮ್ಮಿಗೆ, ಗ್ಯಾಸಿಗೆ, ಮನೆ ಹುಡುಕಿಕೊಟ್ಟ ಬ್ರೋಕರಿಗೆ ಅವರು ಹಂಚಿಬಂದ ಜೆರಾಕ್ಸುಗಳಿಗೆ ಲೆಕ್ಕವಿರಲಿಲ್ಲ, ಒಂದರ ಮೇಲೂ ಒಂದು ಗೆರೆ ಎಳೆದಿರಲಿಲ್ಲ.

ಇಷ್ಟೆಲ್ಲ ಶಾಸ್ತ್ರದ ಹಿಂದಿನ ಕಥೆಯನ್ನು ಪಟಾಲಮ್ಮನವರು ಹೇಳಿದ್ದು ಒಂದೇ ಸಲ, ಅದೂ ಅವರೆಕಾಯಿ ಸುಲಿಯುತ್ತ, ಬೇರೆ ಯಾರದ್ದೋ ಮನೆಯ ಸುದ್ದಿಯೆಂಬ ಹಾಗೆ. ಗಂಡ ಲಕ್ಕಣ್ಣನಿಗೆ ಒಂದೆಕರೆ ದ್ರಾಕ್ಷಿ ತೋಟವಿತ್ತು. ಪಂಪ್‌ಸೆಟ್ಟಿಗೆ ಕರೆಂಟು ಕೊಡಿಸುತ್ತೇನೆಂದು ಒಬ್ಬ ದಲ್ಲಾಳಿ ಅವನನ್ನು ಹೆಬ್ಬಾಳಕ್ಕೆ ಕರೆದೊಯ್ದು, ಹೋಟೆಲಿನಲ್ಲಿ ದೋಸೆ ತಿನ್ನಿಸಿ, ಖಾಲಿ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ತೋಟವಿದ್ದ ಜಾಗದಲ್ಲಿ ಈಗ ಆರಂತಸ್ತಿನ ಅಪಾರ್ಟ್‌ಮೆಂಟಿದೆ. ಲಕ್ಕಣ್ಣ ಸಾಯುವವರೆಗೂ ಅನ್ನ ಕಲಸುವಾಗ ತನ್ನ ಕೈಯನ್ನು ತಾನು ನೋಡಿಕೊಳ್ಳುತ್ತಿರಲಿಲ್ಲವಂತೆ. ಪಟಾಲಮ್ಮನವರು ಹೆಬ್ಬೆರಳು ಮಡಚಿದ್ದು ಆಗ. ಕಾಲ ಬದಲಾಗಿ ಕಾಗದದ ಜಾಗಕ್ಕೆ ಯಂತ್ರ ಬಂದಾಗಲೂ ಅವರು ಎದೆಗುಂದಲಿಲ್ಲ. ಬೆರಳಚ್ಚು ಕದ್ದು ಬ್ಯಾಂಕಿನ ಹಣ ಎಗರಿಸುವವರಿದ್ದಾರೆಂದು ಕೇಳಿದ ಸಂಜೆಯೇ ದಿವ್ಯಳಿಗೆ ಹೇಳಿ ಆಧಾರ್‌ನಲ್ಲಿ ತಮ್ಮ ಬೆರಳಚ್ಚಿಗೆ ಬೀಗ ಹಾಕಿಸಿದರು; ಅದು ತೆರೆಯುವುದು ತಿಂಗಳಿಗೊಮ್ಮೆ, ರೇಷನ್ ದಿನ. ಮೋಸಹೋದರೆ ಕರೆಯಬೇಕಾದ 1930 ಎಂಬ ಸಂಖ್ಯೆಯನ್ನು ಅಡುಗೆಮನೆಯ ಬಾಗಿಲ ಮೇಲೆ ಹಾಲಿನವನ ನಂಬರಿಗಿಂತ ದಪ್ಪಕ್ಕೆ ಬರೆಸಿದ್ದರು.

ಸೋಮನಾಥರು ಇದನ್ನೆಲ್ಲ ಹಳ್ಳಿಯ ಮುದುಕಿಯ ಗೀಳೆಂದೇ ತಿಳಿದಿದ್ದರು, ಆಷಾಢದ ಆ ಬುಧವಾರದವರೆಗೆ. ಹೆಂಡತಿ ತವರಿಗೆ ಹೋಗಿದ್ದಳು. ಬೆಳಿಗ್ಗೆ ಎಂಟಕ್ಕೆ ಬಂದ ವಿಡಿಯೋ ಕರೆಯಲ್ಲಿ ಖಾಕಿ ತೊಟ್ಟವನೊಬ್ಬ ಅವರ ಆಧಾರ್ ಸಂಖ್ಯೆಯನ್ನು ಅವರಿಗಿಂತ ಸರಾಗವಾಗಿ ಓದಿ, ಮೊಹರಿದ್ದ ವಾರೆಂಟೊಂದನ್ನು ತೆರೆಯ ಮೇಲೆ ತೋರಿಸಿದ. ಅವರ ಹೆಸರಿನಲ್ಲಿ ಮಾದಕವಸ್ತುವಿನ ಪಾರ್ಸಲ್ ಸಿಕ್ಕಿದೆ, ಅವರೀಗ ಡಿಜಿಟಲ್ ಅರೆಸ್ಟಿನಲ್ಲಿದ್ದಾರೆ, ಕೋಣೆ ಬಿಟ್ಟು ಕದಲಬಾರದು, ಯಾರಿಗೂ ಹೇಳಬಾರದು, ಇದ್ದ ಹಣವನ್ನೆಲ್ಲ ಪರಿಶೀಲನೆಗೆಂದು ಸರ್ಕಾರದ ಖಾತೆಗೆ ಹಾಕಬೇಕು. ಅಂಥದೊಂದು ಬಂಧನ ಕಾನೂನಿನಲ್ಲೇ ಇಲ್ಲವೆಂದು ಹೋದ ವಾರವಷ್ಟೇ ಪಾಠ ಮಾಡಿದ್ದ ಮನುಷ್ಯ, ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಬಾಗಲಗುಂಟೆಯಲ್ಲೊಂದು ಥರ್ಟಿ ಫಾರ್ಟಿ ಸೈಟಿಗೆಂದು ಗಂಡಹೆಂಡತಿ ಹದಿನಾಲ್ಕು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದ ಗಂಟು ಆ ಫೋನಿನೊಳಗೆ ಇತ್ತು.

ಒಂಬತ್ತಾದರೂ ಮೇಷ್ಟ್ರ ಸ್ಕೂಟರು ಗೇಟಿನಲ್ಲೇ ನಿಂತಿದ್ದನ್ನು ನೋಡಿ ಪಟಾಲಮ್ಮನವರು ಮೆಟ್ಟಿಲು ಹತ್ತಿದರು, ಪ್ರತಿ ಮೆಟ್ಟಿಲಲ್ಲೂ ಎರಡೂ ಕಾಲನ್ನು ಜೋಡಿಸಿ ನಿಂತು. ಚಿಲಕ ಸಡಿಲವಾಗಿದೆಯೆಂದು ಸೋಮನಾಥರು ಎರಡು ತಿಂಗಳಿಂದ ದೂರುತ್ತಿದ್ದ ಬಾಗಿಲು ತಳ್ಳಿದೊಡನೆ ತೆರೆದುಕೊಂಡಿತು.

“ಒಳಗ ಬರಬ್ಯಾಡ್ರಿ ಅವ್ವಾರ,” ಎಂದರು ಸೋಮನಾಥರು, ತುಟಿಯನ್ನಷ್ಟೇ ಅಲ್ಲಾಡಿಸಿ. ಅವರ ಹೆಬ್ಬೆರಳು ಫೋನಿನಲ್ಲಿ ಹಣ ಕಳಿಸುವ ಕೊನೆಯ ಗುಂಡಿಯ ಮೇಲೆ ತೂಗುತ್ತಿತ್ತು.

ಪಟಾಲಮ್ಮನವರು ಬಂದು, ಆ ಕೈಯನ್ನು ಹಿಡಿದು, ಹೆಬ್ಬೆರಳನ್ನು ಮೃದುವಾಗಿ ಮಡಚಿ ಮುಷ್ಟಿಯೊಳಗೆ ಸೇರಿಸಿದರು. ಆಮೇಲೆ ಸೆರಗು ಹೊದ್ದು ಫೋನಿನ ಎದುರು ಕೂತು, ಯಾವೂರು, ಯಾರ ಮನೆಯವರು ಎಂದು ಆಫೀಸರನ್ನು ವಿಚಾರಿಸಿಕೊಂಡರು. ಅವನು ಕಾನೂನು ಹೇಳಿದ. ನಿನ್ನನ್ನೂ ಒಳಗೆ ಹಾಕುತ್ತೇನೆಂದ.

“ಆಕೋರು ಮನೆ ಬಾಗ್ಲಿಗೆ ಬರ್ತಾರೆ ಕಣಪ್ಪಾ. ಬನ್ನಿ, ಕುಂತ್ಕೊಂಡು ನೀರು ಕುಡೀರಿ. ನಿಮ್ ಕಾಗದಾನ ಇಬ್ರು ಓದ್ಲಿ. ಆಮೇಲೆ ಮಾತು.”

ಹೀಗೆಂದು ಫೋನನ್ನು ಬೋರಲು ಹಾಕಿ ಅದರ ಮೇಲೆ ನೀರಿನ ಚೊಂಬಿಟ್ಟರು. ಒಳಗಿನ ಸದ್ದು ಗೊಣಗಿ, ಕೂಗಾಡಿ, ಕೊನೆಗೆ ನಿಂತಿತು. ಆಗ ಅವರು ಮೇಷ್ಟ್ರ ಕಡೆ ತಿರುಗಿದರು.

“ನೀವೊಬ್ರು ಓದಿದ್ರಿ, ಸರಿ. ಎರಡ್ನೇರು ಯಾರು ಓದಿದ್ರು?”

ಯಾರಿಗೂ ಹೇಳಬೇಡವೆಂದು ಆ ಖಾಕಿಯವನು ಮೂರು ಮೂರು ಸಲ ಹೇಳಿದ್ದು ಯಾಕೆಂದು ಸೋಮನಾಥರಿಗೆ ಆ ಒಂದು ಪ್ರಶ್ನೆಯಲ್ಲಿ ತಿಳಿದುಹೋಯಿತು. ನಾಚಿಕೆ ಆಮೇಲೆ ಬಂತು, ವಾರಗಟ್ಟಲೆ ಇತ್ತು. ಆ ಗಳಿಗೆಯಲ್ಲಿ ಬಂದದ್ದು ಬೆರಗು. ಎರಡು ಡಿಗ್ರಿಗಳಲ್ಲಿ ತಮಗೆ ದಕ್ಕದ್ದನ್ನು ಒಂದೆಕರೆ ತೋಟ ಕಳೆದುಕೊಂಡು ಕಲಿತು, ಅದನ್ನು ದಿನಚರಿಯಾಗಿ ಮಾಡಿಕೊಂಡು, ನಗುವವರ ನಡುವೆ ಮೂವತ್ತು ವರ್ಷ ಪಾಲಿಸಿದ ಆ ಹೆಂಗಸಿನ ಎದುರು ಅವರಿಗೆ ಎದ್ದು ನಿಲ್ಲಬೇಕೆನಿಸಿತು, ನಿಂತರು ಕೂಡ. ಪಟಾಲಮ್ಮನವರು ಅದನ್ನು ಗಮನಿಸದೆ, 1930ಕ್ಕೆ ಫೋನು ಮಾಡಿ, ಆಮೇಲೆ ಬ್ಯಾಂಕಿಗೆ ಹೋಗೋಣ ನಡೀರಿ ಎಂದರು. ಗಂಟು ಉಳಿಯಿತು.

ಮುಂದಿನ ತಿಂಗಳ ರೇಷನ್ ದಿನ ಅಕ್ಕಿ ಚೀಲ ಹೊರಲು ಸೋಮನಾಥರೇ ಜೊತೆಗೆ ಹೋದರು. ದಿವ್ಯ ಬೆಳಿಗ್ಗೆಯೇ ಬೆರಳಚ್ಚಿನ ಬೀಗ ತೆಗೆದಿದ್ದಳು. ಪಟಾಲಮ್ಮನವರು ಮುಷ್ಟಿ ಬಿಚ್ಚಿ, ಯಂತ್ರದ ಗಾಜನ್ನು ಸೆರಗಿನಿಂದ ಒರೆಸಿ, ಹೆಬ್ಬೆರಳಿಟ್ಟರು. ಯಂತ್ರ ಒಲ್ಲೆನೆಂದಿತು. ಮತ್ತೆ ಇಟ್ಟರು, ಮತ್ತೆ ಒಲ್ಲೆನೆಂದಿತು. ಈ ಅಜ್ಜೀದು ಯಾವತ್ತೂ ಬರಲ್ಲ ಸಾರ್, ಕಳೆ ಕಿತ್ತು ಕಿತ್ತು ಗೆರೆಯೆಲ್ಲ ಸವೆದೋಗಿದೆ ಎಂದು ಅಂಗಡಿಯವನು ಮೊಬೈಲಿಗೆ ಓಟಿಪಿ ಕಳಿಸಿದ. ಸೋಮನಾಥರು ಬಗ್ಗಿ ನೋಡಿದರು. ಆ ಬೆರಳ ತುದಿ ಹೊಳೆದಂಡೆಯ ಕಲ್ಲಿನಷ್ಟು ನುಣುಪಾಗಿತ್ತು. ಯಾವ ಕಳ್ಳನಿಗೂ ಕದಿಯಲಾಗದ ಬೆರಳನ್ನು ಇಷ್ಟು ವರ್ಷ ಯಾಕೆ ಕಾದಿರಿ ಎಂದು ಕೇಳದಿರಲು ಅವರಿಂದಾಗಲಿಲ್ಲ.

ಪಟಾಲಮ್ಮನವರು ಗಾಜನ್ನು ಮತ್ತೊಮ್ಮೆ ಒರೆಸಿ ಮುಷ್ಟಿ ಕಟ್ಟಿದರು. “ಗೆರೆ ಓದ್ರೆ ಓಯ್ತು. ಎಬ್ಬೆಟ್ಟು ನಂದೇ ಅಲ್ವಾ ಮೇಷ್ಟ್ರೇ?”

ಸಹಿ ಕಲಿತ ನಾವು ದಿನಕ್ಕೆ ಹತ್ತು ಕಡೆ, ಓದದೆಯೇ, ಒಪ್ಪಿದೆ ಎಂಬ ಗುಂಡಿಯನ್ನೊತ್ತಿ ಮುಂದೆ ಸಾಗುವವರು. ಹೆಬ್ಬೆಟ್ಟಿನವರೆಂದು ನಾವು ನಕ್ಕು ಬಿಟ್ಟ ಈ ಜನ ತಮ್ಮ ಒಪ್ಪಿಗೆಯನ್ನು ಬಿತ್ತನೆಯ ರಾಗಿಯ ಹಾಗೆ ಬೇರೆಯಾಗಿ ಎತ್ತಿಟ್ಟು ಕಾಯುತ್ತಾರೆ. ಯಾವ ಯಂತ್ರಕ್ಕೂ ಅವರ ಗುರುತು ಸಿಗದೆ ಹೋಗಬಹುದು. ತಾವು ಯಾರೆಂಬುದನ್ನು ಅವರು ಒಂದು ದಿನವೂ ಮರೆತಿಲ್ಲ.